ಹಿತ್ತಲಿಲ್ಲದವರ ಹಕ್ಕಿ ಲೆಕ್ಕ

ಪುಣೆಗೆ ಹೊಸದಾಗಿ ಬಂದಿದ್ದೀರಾ? ಬಾಡಿಗೆ ಕರಾರು, ಪೊಲೀಸ್ ವೆರಿಫಿಕೇಶನ್, ಗ್ಯಾಸ್ ವರ್ಗಾವಣೆ ಎಲ್ಲ ಬ್ರೋಕರ್ ಹೇಳಿದ ಹಾಗೆ ಮುಗಿಸಿಕೊಳ್ಳಿ. ನಾನು ಹೇಳಹೊರಟಿದ್ದು ಫೆಬ್ರವರಿಯ ಹಕ್ಕಿಗಳ ವಿಷಯ.

ಫೆಬ್ರವರಿ ನಡುವೆ ಶುಕ್ರವಾರದಿಂದ ಸೋಮವಾರದ ತನಕ ನಾಲ್ಕು ದಿನ ಜಗತ್ತಿನ ಎಲ್ಲೆಡೆ ಜನ ಹಿತ್ತಲ ಹಕ್ಕಿ ಎಣಿಸುತ್ತಾರೆ. ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್ ಅಂತ ಹೆಸರು. 1998ರಲ್ಲಿ ಅಮೆರಿಕದಲ್ಲಿ ಹುಟ್ಟಿ, 2013ರಲ್ಲಿ ನಮ್ಮ ದೇಶಕ್ಕೂ ಬಂತು. ಕನಿಷ್ಠ 15 ನಿಮಿಷ ಕೂತು, ಕಂಡದ್ದು ಕೇಳಿದ್ದು ಬರೆದು ಇಬರ್ಡ್ ಆ್ಯಪ್‌ಗೆ ಹಾಕಿದರಾಯಿತು. ಶಿವರಾತ್ರಿಯೋ 19ರ ಶಿವಜಯಂತಿಯೋ (ಶಿವಾಜಿ ಹುಟ್ಟಿದ ದಿನ) ಕೆಲವು ವರ್ಷ ಅದೇ ಹೊತ್ತಿಗೆ ಬೀಳುವುದರಿಂದ ನಮ್ಮ ಮನೆಯಲ್ಲಿ ಇದೂ ಒಂದು ಹಬ್ಬವೇ ಆಗಿಹೋಗಿದೆ. ಅತ್ತ ನಮ್ಮೂರು ಸಾಗರದಲ್ಲಿ ಅಮ್ಮ ಹಿತ್ತಲ ಕಟ್ಟೆ ಮೇಲೆ, ಇತ್ತ ಪುಣೆಯ ಕೋಥ್ರುಡ್‌ನ ನಾಲ್ಕನೇ ಮಹಡಿಯ ಕಿಟಕಿಯಲ್ಲಿ ನಾನು ಮತ್ತು ಮಗಳು. ಬೆಳಿಗ್ಗೆ ಏಳಕ್ಕೆ ಫೋನ್ ಸ್ಪೀಕರಿಗೆ ಹಾಕಿ ಕೂರುತ್ತೇವೆ.

ಮೊದಲ ವರ್ಷ ನಾನು ಮಾಡಿದ ಘನಕಾರ್ಯ ಏನು ಗೊತ್ತೆ? ವಾರ ಮೊದಲೇ ಕಿಟಕಿಯ ಗ್ರಿಲ್‌ನಲ್ಲಿ ಅಕ್ಕಿ ನುಚ್ಚು ಇಟ್ಟದ್ದು. ಊರಲ್ಲಿ ನುಚ್ಚು ಚೆಲ್ಲಿದರೆ ಗುಬ್ಬಿ ಬರುತ್ತೆ. ಇಲ್ಲಿ ಪಾರಿವಾಳ ಬರುತ್ತೆ, ಬಂದದ್ದು ಹೋಗುವುದಿಲ್ಲ. ಏಸಿ ಪೆಟ್ಟಿಗೆಯ ಹಿಂದೆ ನಾಲ್ಕು ಕಡ್ಡಿ ಅಡ್ಡ ಹಾಕಿ, ಅದನ್ನೇ ಗೂಡು ಅಂದುಕೊಂಡು ಮೊಟ್ಟೆಯನ್ನೂ ಇಟ್ಟುಬಿಟ್ಟಿತು. ಕೆಳಗಿನ ಮನೆಯ ಆಜಿ ಒಣಹಾಕಿದ್ದ ಹಪ್ಪಳದ ಮೇಲೆಲ್ಲ ಪಿಷ್ಟೆ. ಆಗ ನನಗೆ ಬರುತ್ತಿದ್ದ ಮರಾಠಿ ‘ಕಿತಿ’ (ಎಷ್ಟು) ಮತ್ತು ‘ಚಾಲೇಲ್’ (ನಡೆಯುತ್ತೆ) ಎರಡೇ. ಅವರು ಬೈದದ್ದು ಪೂರ್ತಿ ತಿಳಿಯದೆ ಹೋದದ್ದು ನನ್ನ ಪುಣ್ಯ. ಒಣಗಿದ ಪಿಷ್ಟೆಯ ಧೂಳು ಶ್ವಾಸಕೋಶಕ್ಕೂ ಕೆಟ್ಟದ್ದು. ಕಾಳು ಹಾಕಲೇಬೇಡಿ ಮಾರಾಯ್ರೆ.

ಎಣಿಕೆಯಲ್ಲೂ ಎಡವಿದೆ. ಒಂದೇ ಜೋಡಿ ಪಿಕಳಾರ ಒಂಬತ್ತು ಸಲ ಬಂದುಹೋದದ್ದನ್ನು 18 ಅಂತ ಬರೆದಿದ್ದೆ. ಕಾಗೆ, ಪಾರಿವಾಳ ಬರೆಯಲು ನಾಚಿಕೆಯಾಗಿ ಬಿಟ್ಟೆ. ಗುರುತಿಸಿದ್ದೆಲ್ಲ ಬರೆದಿದ್ದೀರಾ ಅಂತ ಆ್ಯಪ್ ಕೊನೆಗೆ ಕೇಳಿದಾಗ ಹೌದು ಅಂತ ಒತ್ತಿಯೂಬಿಟ್ಟೆ. ಕೋಥ್ರುಡ್‌ನಲ್ಲಿ ಕಾಗೆಯೇ ಇಲ್ಲ ಅಂತ ಬರೆದುಕೊಟ್ಟ ಹಾಗಾಯಿತು.

ಇನ್ನೊಂದು ತಪ್ಪು ಮಾತ್ರ ಇವತ್ತಿಗೂ ಚುಚ್ಚುತ್ತೆ. ಮಗಳ ಬಾಯಲ್ಲಿ ಹಕ್ಕಿಗೆಲ್ಲ ಮರಾಠಿ ಹೆಸರು: ಗೊರವಂಕ ಸಾಳುಂಕಿ, ಕೆಂಬೂತ ಭಾರದ್ವಾಜ, ಟುವ್ವಿ ಹಕ್ಕಿ ಶಿಂಪಿ. ಪ್ರತಿ ಹೆಸರಿಗೂ ತಿದ್ದುತ್ತಿದ್ದೆ, ಗದರಿದ್ದೂ ಉಂಟು. ಮಾರನೇ ವರ್ಷ ಅವಳು ಕಿಟಕಿ ಹತ್ತಿರ ಬರಲೇ ಇಲ್ಲ. ಅದರ ಮುಂದಿನ ವರ್ಷ ಅಮ್ಮನೇ ಫೋನಿನಲ್ಲಿ ಅವಳನ್ನು ಕರೆದು ಕೇಳಿದಳು:

“ಟುಕ್ ಟುಕ್ ಅಂತ ಒಂದೇ ಸಮ ಬಡೀತಲ್ಲ ಪುಟ್ಟಿ, ಅದಕ್ಕೆ ನಿಮ್ಮಲ್ಲಿ ಏನಂತಾರೆ?”

“ತಾಂಬಟ್.”

“ನಾವು ಕಂಚುಗಾರ ಅಂತೀವಿ.”

ಕಸಬಾ ಪೇಠೆಯಲ್ಲಿ ತಾಂಬಟ್ ಆಳಿ ಅಂತ ತಾಮ್ರದ ಪಾತ್ರೆ ಬಡಿಯುವವರ ಓಣಿಯೇ ಇದೆ. ಆ ಭಾನುವಾರ ಕರೆದುಕೊಂಡು ಹೋದೆ. ಸುತ್ತಿಗೆಯ ಏಟು ಕಿವಿಗೆ ಬಿದ್ದದ್ದೇ ನನ್ನ ಕೈ ಜಗ್ಗಿದಳು: “ಬಾಬಾ, ಕಂಚುಗಾರ!” ಈಗ ಅವಳ ಪಟ್ಟಿ ಪುಸ್ತಕದಲ್ಲಿ ಎರಡೂ ಹೆಸರಿಗೆ ಜಾಗವಿದೆ. ನನ್ನನ್ನು ಯಾಕೆ ‘ಅಪ್ಪ’ ಅನ್ನುವುದಿಲ್ಲ ಅಂತ ಕೇಳುವುದನ್ನೂ ಬಿಟ್ಟಿದ್ದೇನೆ.

ನಮ್ಮ ಕಿಟಕಿಯೆದುರಿನ ಗುಲ್‌ಮೊಹರ್‌ನ ಒಂದು ಕೊಂಬೆ ಒಣಗಿತ್ತು. ಕಾರಿನ ಮೇಲೆ ಬೀಳುತ್ತೆ, ಕಡಿಸೋಣ ಅಂತ ಸೊಸೈಟಿ ಸಭೆಯಲ್ಲಿ ಕೈ ಎತ್ತಿದವರಲ್ಲಿ ನಾನೂ ಒಬ್ಬ. ಕಂಚುಗಾರ ಗೂಡು ಕೊರೆಯುವುದು ಒಣಕೊಂಬೆಯಲ್ಲಿ ಅಂತ ತಿಳಿದದ್ದು ಅದು ನೆಲಕ್ಕೆ ಬಿದ್ದ ಮೇಲೆ. ರೂಪಾಯಿ ಬಿಲ್ಲೆಗಿಂತ ದೊಡ್ಡದೊಂದು ತೂತು, ಕೈವಾರ ಹಿಡಿದು ಬರೆದಷ್ಟು ದುಂಡಗೆ. ಮಗಳು ಅದರೊಳಗೆ ಎರಡು ಬೆರಳು ಹಾಕಿ ನೋಡಿದಳು, ಏನೂ ಮಾತಾಡಲಿಲ್ಲ.

ಎರಡು ವರ್ಷದಿಂದ ಪಟ್ಟಿಯ ಆ ಸಾಲಿನಲ್ಲಿ ಸೊನ್ನೆ. “ಇಲ್ಲಿ ಕೂಗ್ತಾ ಇದೆ, ಕೇಳಿಸ್ತಾ?” ಅಂತ ಅಮ್ಮ ಫೋನನ್ನು ಮರದ ಕಡೆ ಹಿಡಿಯುತ್ತಾಳೆ. ಕೇಳಿಸುತ್ತೆ. ಆದರೆ ಅದು ಸಾಗರದ ಲೆಕ್ಕ, ನಮ್ಮದರಲ್ಲಿ ಬರೆಯುವ ಹಾಗಿಲ್ಲ.