ತುಕ್ಕು ಹಿಡಿದ ಬೋಲ್ಟ್ ಕೊನೆಗೂ ಸಡಿಲಿದ ಬಗೆ

ಧಾರವಾಡದ ಎಷ್ಟೋ ಮಳೆಗಾಲಗಳನ್ನು ಅಂಗಳದಲ್ಲೇ ಕಳೆದಿರುವ ನನ್ನ ಹಳೆಯ ಕಾರಿನ ಸೈಲೆನ್ಸರ್ ಬದಲಿಸಲು ಕುಳಿತಾಗ, ಫ್ಲೇಂಜಿನ (ಪೈಪುಗಳನ್ನು ಒಂದಕ್ಕೊಂದು ಜೋಡಿಸುವ ಚಪ್ಪಟೆ ಅಂಚಿನ) ಎರಡು ಬೋಲ್ಟ್‌ಗಳಲ್ಲಿ ಒಂದು ಜಪ್ಪಯ್ಯ ಎಂದರೂ ಕದಲಲಿಲ್ಲ. ಕಬ್ಬಿಣವು ತುಕ್ಕಾದಾಗ ಮೊದಲಿಗಿಂತ ಹೆಚ್ಚು ಜಾಗ ಹಿಡಿಯುವುದರಿಂದ ಥ್ರೆಡ್‌ಗಳ (ಬೋಲ್ಟಿನ ಸುರುಳಿ ಗೆರೆಗಳ) ನಡುವಿನ ಸಂದು ಬಿಗಿದುಹೋಗುತ್ತದೆ. ಅಲ್ಲಿ ಬರೀ ತೋಳ್ಬಲ ತೋರಿಸಿದರೆ ಬೋಲ್ಟಿನ ತಲೆಯೇ ಮುರಿಯಬಹುದು. ಹನ್ನೆರಡು ಮೂಲೆಯ ರಿಂಗ್ ಸ್ಪ್ಯಾನರ್ ಹಾಕಿ ಜಗ್ಗಿ ಬೋಲ್ಟಿನ ತಲೆಯ ಅಂಚುಗಳನ್ನು ಸವೆಸಿದ್ದು ನನ್ನದೇ ತಪ್ಪು.

ಆಮೇಲೆ ಹುಬ್ಬಳ್ಳಿಯಿಂದ ಆರು ಮೂಲೆಯ ಸಾಕೆಟ್ ಮತ್ತು ತುಕ್ಕು ಸಡಿಲಿಸುವ ಎಣ್ಣೆಯನ್ನು ತಂದೆನು. ಹೊರಗೆ ಕಾಣುವ ಥ್ರೆಡ್‌ಗಳನ್ನು ವೈರ್ ಬ್ರಶ್‌ನಿಂದ ಉಜ್ಜಿ, ಎಣ್ಣೆ ಸಿಂಪಡಿಸಿ, ಬೋಲ್ಟಿನ ತಲೆಯ ಮೇಲೆ ಸುತ್ತಿಗೆಯಿಂದ ಹಗುರವಾಗಿ ತಟ್ಟಿ ರಾತ್ರಿಯಿಡೀ ಬಿಟ್ಟೆನು. ಮರುದಿನ ಮತ್ತೊಮ್ಮೆ ಹಾಗೆಯೇ ಮಾಡಿ, ಮೊದಲು ಬಿಗಿಯುವ ಕಡೆಗೆ ಕೂದಲೆಳೆಯಷ್ಟು ತಿರುಗಿಸಿದಾಗ ‘ಕಟ್’ ಎಂದು ಹಿಡಿತ ಬಿಟ್ಟಿತು. ಮುಂದೆ ಅರ್ಧ ಸುತ್ತು ಬಿಚ್ಚುವುದು, ಕಾಲು ಸುತ್ತು ಮತ್ತೆ ಬಿಗಿಯುವುದು, ನಡುನಡುವೆ ಎಣ್ಣೆ. ಗ್ಯಾಸ್ ಟಾರ್ಚಿನ ಬೆಂಕಿಯಿಂದ ಕಾಯಿಸಿದರೆ ಬೇಗ ಬರುತ್ತದೆ ಎಂದು ನೆರೆಯವರು ಹೇಳಿದ್ದು ಸುಳ್ಳಲ್ಲ. ಆದರೆ ಎಣ್ಣೆ ಸಿಂಪಡಿಸಿದ ಜಾಗಕ್ಕೆ, ಅದೂ ಪೆಟ್ರೋಲ್ ಪೈಪಿನ ಸಮೀಪಕ್ಕೆ, ಬೆಂಕಿ ಒಯ್ಯುವುದು ನನಗೆ ಸರಿಕಾಣಲಿಲ್ಲ. ಹೊಸ ಬೋಲ್ಟ್‌ಗಳ ಥ್ರೆಡ್‌ಗೆ ತಾಮ್ರದ ಆಂಟಿ-ಸೀಜ್ (ಬೋಲ್ಟ್ ಮತ್ತೆ ಕಚ್ಚಿಕೊಳ್ಳದಂತೆ ತಡೆಯುವ ಲೇಪ) ಲೇಪಿಸಿ ಕೂರಿಸಿದ್ದೇನೆ.