ಕಾರಿನ ಡೋರ್ ಲಾಕ್ ಮನೆಯಲ್ಲೇ ಬದಲಿಸೋರಿಗೆ

ಕೋಲಾರ, ಮಾಲೂರು ಕಡೆಯ ಕೆಂಪು ಧೂಳು ಲಾಕಿನ ಹಳೇ ಗ್ರೀಸಿಗೆ ಅಂಟಿ ಗಟ್ಟಿಯಾಗುತ್ತೆ. ಲಾಕ್ ಬಿಗಿಯಾಗಿದ್ದರೆ ಮೊದಲು ಡಬ್ಲ್ಯೂಡಿ-40 (ತುಕ್ಕು, ಜಿಡ್ಡು ಬಿಡಿಸೋ ಸ್ಪ್ರೇ) ಹೊಡೆದು ನೋಡಿ. ರಿಮೋಟ್ ಒತ್ತಿದಾಗ ಮೋಟಾರ್ ಗುಂಯ್ ಅಂದರೂ ಲಾಕ್ ಬೀಳದಿದ್ದರೆ ಒಳಗಿನ ಪ್ಲಾಸ್ಟಿಕ್ ಗೇರ್ ಸವೆದಿರಬಹುದು. ಸದ್ದೇ ಇಲ್ಲವಾ? ಹೊಸ ಲಾಕ್ ತರೋ ಮುಂಚೆ ಫ್ಯೂಸ್ ನೋಡಿ, ಆಮೇಲೆ ಬಾಗಿಲು ಮತ್ತು ಪಿಲ್ಲರ್ (ಬಾಗಿಲು ಕೂತಿರೋ ಕಾರಿನ ಕಂಬ) ನಡುವಿನ ರಬ್ಬರ್ ಕೊಳವೆಯೊಳಗಿನ ವೈರ್. ಬಾಗಿಲು ತೆಗೆದು ಹಾಕಿ ಮಾಡುವಾಗ ಮಡಚಿ ಮಡಚಿ ಅಲ್ಲೇ ತುಂಡಾಗುತ್ತೆ.

ಬದಲಿಸೋದೇ ಆದರೆ ಗ್ಲಾಸ್ ಪೂರ್ತಿ ಮೇಲೇರಿಸಿ, ಬ್ಯಾಟರಿಯ ಮೈನಸ್ ವೈರ್ ತೆಗೆಯಿರಿ. ಒಳಗಿನ ಹ್ಯಾಂಡಲ್ ಹಿಂದಿನ ಸ್ಕ್ರೂ ಬಿಚ್ಚಿ ಬಾಗಿಲ ಒಳಗಿನ ಪ್ಯಾನೆಲನ್ನು ಕೆಳಗಿನಿಂದ ಎಳೆಯಿರಿ. ಒಂದೆರಡು ಕ್ಲಿಪ್ ಮುರಿದೇ ಮುರಿಯುತ್ತೆ, ನಾಲ್ಕೈದು ತಂದಿಟ್ಟುಕೊಳ್ಳಿ. ಹ್ಯಾಂಡಲಿನಿಂದ ಲಾಕಿಗೆ ಹೋಗೋ ರಾಡುಗಳ (ತೆಳು ಕಂಬಿಗಳ) ಫೋಟೊ ತೆಗೆದುಕೊಂಡು, ಅವುಗಳ ಪ್ಲಾಸ್ಟಿಕ್ ಕ್ಲಿಪ್ಪನ್ನು ಎಳೆಯದೆ ಪಕ್ಕಕ್ಕೆ ತಿರುಗಿಸಿ ಬಿಡಿಸಿ. ಲಾಕ್ ನಿಂತಿರೋದು ಬಾಗಿಲ ಅಂಚಿನ ಸ್ಕ್ರೂಗಳ ಮೇಲೆ, ಸಾಮಾನ್ಯವಾಗಿ ಮೂರು; ಕೆಲವು ಕಾರಿಗೆ ಟಿ30 ಬಿಟ್ (ನಕ್ಷತ್ರದಾಕಾರದ ಸ್ಕ್ರೂಡ್ರೈವರ್ ತುದಿ) ಬೇಕು. ಎಡ, ಬಲದ ಲಾಕ್ ಬೇರೆ ಬೇರೆ, ಅಂಗಡಿಯಲ್ಲೇ ಹೇಳಿ ತನ್ನಿ.

ಹೊಸದು ಕೂರಿಸಿದ ತಕ್ಷಣ ಬಾಗಿಲು ಮುಚ್ಚಿಬಿಡಬೇಡಿ! ತೆರೆದಿದ್ದಾಗಲೇ ಸ್ಕ್ರೂಡ್ರೈವರಿನಿಂದ ಲಾಕಿನ ಕೊಕ್ಕೆಯನ್ನು ಟಕ್ ಟಕ್ ಅಂತ ಎರಡು ಸಲ ಬೀಳೋವರೆಗೆ ಒತ್ತಿ, ಒಳಗಿನ ಹ್ಯಾಂಡಲ್, ಹೊರಗಿನ ಹ್ಯಾಂಡಲ್ ಎರಡರಿಂದಲೂ ಬಿಡುತ್ತಾ ನೋಡಿ. ರಾಡ್ ಕೂರದೆ ಮುಚ್ಚಿದರೆ ಪ್ಯಾನೆಲ್ ಒಡೆಯದೆ ಬಾಗಿಲು ತೆಗೆಯೋದು ಕಷ್ಟ. ಪ್ಯಾನೆಲ್ ಹಿಂದಿನಿಂದ ಬಿಡಿಸಿದ ಪ್ಲಾಸ್ಟಿಕ್ ಹಾಳೆ ಮತ್ತೆ ಅಂಟಿಸಿ, ಇಲ್ಲಾಂದ್ರೆ ಮಳೆನೀರು ಕಾಲಡಿ ಬರುತ್ತೆ.