ಇಳಿಯೋ ಸೈಕಲ್ಲಿಗೆ ಫ್ರೇಮ್ ಹುಡುಕಿದ್ದು

ಮೊದಲ ಫ್ರೇಮನ್ನು ನಾನು ಫೋಟೋ ನೋಡಿ ತಗೊಂಡೆ. ತಪ್ಪು ಅಲ್ಲಿಂದಲೇ ಶುರು. ಡೌನ್‌ಹಿಲ್ ಫ್ರೇಮು, ಬೆಟ್ಟದಿಂದ ಕೆಳಕ್ಕೆ ಇಳಿಯೋ ರೇಸಿನದು, ಸೆಕೆಂಡ್ ಹ್ಯಾಂಡು. ಹಿಂದಿನ ಚಕ್ರಕ್ಕೆ 200 ಮಿ.ಮೀ. ಟ್ರಾವೆಲ್ (ಚಕ್ರ ಅಷ್ಟು ಮೇಲೆ ಕೆಳಗೆ ಆಡುತ್ತೆ), ತೊಡೆ ದಪ್ಪದ ಡೌನ್ ಟ್ಯೂಬು (ಹ್ಯಾಂಡಲ್ ಕಡೆಯಿಂದ ಪೆಡಲ್ ಕಡೆಗೆ ಇಳಿಯುವ ಕೊಳವೆ), ಕೆಂಪು ಸ್ಪ್ರಿಂಗಿನ ಶಾಕ್. ಬೆಂಗಳೂರಿನಿಂದ ಬಸ್ಸಿನ ಡಿಕ್ಕಿಯಲ್ಲಿ ಬಂತು. ರಟ್ಟಿನ ಡಬ್ಬ ಬಿಚ್ಚಿದಾಗ ಅಮ್ಮ ಕೇಳಿದ್ದು ಒಂದೇ ಮಾತು: "ಚಕ್ರ ಎಲ್ಲೋ?" ಚಕ್ರ ಇಲ್ಲ, ಹ್ಯಾಂಡಲ್ ಇಲ್ಲ, ಪೆಡಲ್ ಇಲ್ಲ. 48 ಸಾವಿರ ಕೊಟ್ಟು ಬರೀ ಮೂಳೆ ತಂದಿದ್ದೆ.

ನಾನು ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಕ್ವಾಲಿಟಿ ವಿಭಾಗದಲ್ಲಿದ್ದೇನೆ. ದಿನವಿಡೀ ಬೇರೆಯವರು ಮಾಡಿದ ಸಾಮಾನು ಅಳೆದು ಸರಿ, ತಪ್ಪು ಅನ್ನೋದೇ ಕೆಲಸ. ನನ್ನ ದುಡ್ಡು ಹಾಕುವಾಗ ಮಾತ್ರ ವರ್ನಿಯರ್ ನೆನಪಿಗೇ ಬರಲಿಲ್ಲ.

ಫ್ರೇಮ್ ಮನೆಗೆ ಬಂದ ಮೇಲೆ ಗೊತ್ತಾಯಿತು, ಅದರ ಜೊತೆ ಕೊಳ್ಳಬೇಕಾದ ಸಾಮಾನಿನ ಒಂದು ಉದ್ದನೆಯ ಚೀಟಿಯೂ ಬಂದಿದೆ ಅಂತ. ಹಿಂದಿನ ಚಕ್ರದ ನಡುವೆ ಇರೋ ಹಬ್ಬಿಗೆ 150 ಮಿ.ಮೀ. ಅಗಲ ಬೇಕು. ಈಗಿನ ಮೌಂಟನ್ ಬೈಕುಗಳಲ್ಲಿ ಜಾಸ್ತಿ ಕಾಣೋದು 148, ಅದನ್ನೇ ಬೂಸ್ಟ್ ಅಂತಾರೆ. ಎರಡೇ ಮಿ.ಮೀ. ತಾನೇ, ಹೇಗೋ ಕೂರಿಸೋಣ ಅಂದುಕೊಂಡೆ. ಡಿಸ್ಕ್ ಕೂರುವ ಜಾಗ ಬೇರೆ, ಚೈನಿನ ಸಾಲು ಬೇರೆ, ಕೂರಲ್ಲ. ಪೆಡಲ್ ಅಚ್ಚು ಕೂರುವ ಬಾಟಂ ಬ್ರಾಕೆಟ್ 83 ಮಿ.ಮೀ. ಸಾಮಾನ್ಯ ಮೌಂಟನ್ ಬೈಕಿನದು 73. ಹಾಗಾಗಿ ಪೆಡಲ್ ಹಿಡಿಯುವ ಕ್ರಾಂಕೂ ಉದ್ದ ಅಚ್ಚಿನದೇ ಆಗಬೇಕು. ಚಕ್ರ 26 ಇಂಚು. ಒಳ್ಳೆ ದಪ್ಪ ಟೈರು ಆ ಅಳತೆಗೆ ಸಿಗೋದೇ ಕಷ್ಟ. ಮುಂದಿನ ಚಕ್ರ ಹಿಡಿಯುವ ಫೋರ್ಕ್ ಕೂರೋ ಹೆಡ್ ಟ್ಯೂಬ್ ಒಂದು ಮಾತ್ರ ಪುಣ್ಯಕ್ಕೆ ಒಂದೂವರೆ ಇಂಚಿನ ನೇರ ಕೊಳವೆ. ಸರಿಯಾದ ಬೇರಿಂಗ್ ಕಪ್ ಹಾಕಿದರೆ ಯಾವ ಫೋರ್ಕ್ ಬೇಕಾದರೂ ಕೂರುತ್ತೆ.

ಹಬ್ಬು, ಕ್ರಾಂಕು ಕೂಡಿಸುವಷ್ಟರಲ್ಲಿ ಏಳು ತಿಂಗಳು ಹೋಯಿತು. ಫ್ರೇಮಿಗಿಂತ ಅದರ ಮೇಲೆ ಕೂರೋ ಸಾಮಾನಿಗೇ ಜಾಸ್ತಿ ಖರ್ಚಾಯಿತು.

ಇನ್ನು ಇಳಿಜಾರಿನ ಮಾತು. ಮೈಸೂರಿನವರಿಗೆ ಬೆಟ್ಟ ಅಂದರೆ ಚಾಮುಂಡಿ ಬೆಟ್ಟ. ಕೆಲವರು ಈಗಲೂ ಕೇಳುತ್ತಾರೆ, "ಮೆಟ್ಟಿಲ ಮೇಲೆ ಇಳಿಸ್ತೀರಾ ಸರ್?" ಇಲ್ಲ. ಹತ್ತುವವರು ಒಂದೊಂದು ಮೆಟ್ಟಿಲಿಗೂ ಅರಿಶಿನ ಕುಂಕುಮ ಇಟ್ಟು ಹೋಗೋ ದಾರಿ ಅದು. ಸುತ್ತ ಇರೋದು ಮೀಸಲು ಅರಣ್ಯ. ಅಲ್ಲಿ ನಮಗೇನು ಕೆಲಸ? ಲೆಕ್ಕ ಹಾಕಿದರೂ ಆ ಬೆಟ್ಟದ ತುದಿ ಸಮುದ್ರಮಟ್ಟದಿಂದ ಸುಮಾರು 1,060 ಮೀಟರ್, ಊರು 770ರ ಆಸುಪಾಸು. ಮುನ್ನೂರು ಮೀಟರ್ ಇಳಿಜಾರೂ ಇಲ್ಲ. ಡೌನ್‌ಹಿಲ್ ವಿಶ್ವಕಪ್ ನಡೆದಿರುವ ಸ್ಕಾಟ್ಲೆಂಡಿನ ಫೋರ್ಟ್ ವಿಲಿಯಂ ದಾರಿ 2.8 ಕಿ.ಮೀ. ಉದ್ದಕ್ಕೆ 555 ಮೀಟರ್ ಇಳಿಯುತ್ತೆ. ಮೇಲಕ್ಕೆ ಹೋಗೋಕೆ ಹಗ್ಗದ ತೊಟ್ಟಿಲು. 200 ಮಿ.ಮೀ. ಟ್ರಾವೆಲ್ ಫ್ರೇಮು ಹುಟ್ಟಿದ್ದು ಅಂಥ ಜಾಗಕ್ಕೆ. ಗಡಿಯಾರದ ಎದುರು, ಬರೀ ಕೆಳಮುಖ.

ನಮ್ಮ ಜಾಗ ಪಾಂಡವಪುರದ ಕಡೆ. ಸೋದರಮಾವನ ಜಮೀನಿನ ಹಿಂದೆ ಒಂದು ಗರಸಿನ ದಿಣ್ಣೆ ಇದೆ. ತುದಿಯಲ್ಲಿ ನಿಂತರೆ ಕುಂತಿಬೆಟ್ಟದ ಬಂಡೆಗಳು ಕಾಣುತ್ತವೆ. ಅರವತ್ತು ಮೀಟರ್ ಇಳಿತ ಇರಬಹುದು, ಅಷ್ಟೇ. ಮಾವನ ಒಪ್ಪಿಗೆ ತಗೊಂಡು ನಾನು, ಇನ್ನಿಬ್ಬರು ಗೆಳೆಯರು ಗುದ್ದಲಿ ಹಿಡಿದು ದಾರಿ ಮಾಡಿದೆವು. ಎರಡು ಜಂಪು, ಬಂಡೆಯಿಂದ ನಾಲ್ಕಡಿ ಕೆಳಗೆ ಹಾರುವ ಒಂದು ಡ್ರಾಪು, ಮೂರು ತಿರುವು. ಮೇಲಿಂದ ಕೆಳಗೆ ನಲವತ್ತು ಸೆಕೆಂಡು. ಆಮೇಲೆ ಮತ್ತೆ ಮೇಲಕ್ಕೆ ಹೋಗಬೇಕಲ್ಲ?

ಮೊದಲೆರಡು ಭಾನುವಾರ ಮಾವ ಟ್ರ್ಯಾಕ್ಟರ್ ಟ್ರೇಲರಿನಲ್ಲಿ ಸೈಕಲ್ ಹೇರಿಕೊಂಡು ಮೇಲೆ ಬಿಟ್ಟರು. ಮೂರನೇ ವಾರ ಕಬ್ಬು ಕಡಿಯೋಕೆ ಆಳು ಬಂದಿದ್ದರು. ಟ್ರ್ಯಾಕ್ಟರು ಇಲ್ಲ. ತುಳಿದುಕೊಂಡೇ ಹತ್ತಿದೆ. ಡೌನ್‌ಹಿಲ್ ಫ್ರೇಮಿನಲ್ಲಿ ಸೀಟಿನ ಕೊಳವೆ ಗಿಡ್ಡ, ಜೊತೆಗೆ ಹಿಂದಕ್ಕೆ ವಾಲಿರುತ್ತೆ. ಸೀಟು ಎತ್ತೋಕೆ ಆಗಲ್ಲ. ಕುಕ್ಕರಗಾಲಲ್ಲಿ ಕೂತು ತುಳಿದ ಹಾಗೆ. ಒಂದೊಂದು ತುಳಿತಕ್ಕೂ ಹಿಂದಿನ ಶಾಕ್ ಕುಸಿಯುತ್ತೆ, ಏಳುತ್ತೆ. ಮಾವ ಬದುವಿನ ಮೇಲೆ ನಿಂತು ನೋಡುತ್ತಿದ್ದರು. "ಏನ್ಲಾ ಇದು, ಮುಂದುಕ್ ಹೋಗೋಕಿಂತ ಮ್ಯಾಲೆ ಕೆಳ್ಗೇ ಜಾಸ್ತಿ ಹೋಯ್ತದೆ? ಇದ್ಕೆ ನಮ್ಮ ಎತ್ತಿನ ಗಾಡೀನೇ ವಾಸಿ ಕಣ್ಲಾ."

ನಗು ಬಂತು. ಆದರೆ ಮಾವ ಹೇಳಿದ್ದು ಸರಿಯೇ. ನಲವತ್ತು ಸೆಕೆಂಡಿನ ಇಳಿಜಾರಿಗೆ ನಾನು ವಿಶ್ವಕಪ್ಪಿನ ಮೂಳೆ ತಂದಿದ್ದೆ.

ಒಂದು ವರ್ಷ ಹಾಗೂ ಹೀಗೂ ಓಡಿಸಿದೆ. ಆಮೇಲೆ ಒಂದು ಸದ್ದು ಶುರುವಾಯಿತು. ಬ್ರೇಕ್ ಹಿಡಿದಾಗ ಮುಂದೆ ಎಲ್ಲೋ 'ಕಟ್' ಅನ್ನೋದು. ಕಪ್ ಬಿಗಿ ಮಾಡಿದೆ, ಸ್ಟೆಮ್ ಬಿಗಿ ಮಾಡಿದೆ, ಗ್ರೀಸ್ ಹಾಕಿದೆ. ಸದ್ದು ಹೋಗಲಿಲ್ಲ. ಒಂದು ಶನಿವಾರ ಮೇಲಿನವರನ್ನು ಕೇಳಿ ಫ್ರೇಮನ್ನು ಕಾರ್ಖಾನೆಗೇ ತಗೊಂಡು ಹೋದೆ. ವೆಲ್ಡಿಂಗಿನಲ್ಲಿ ಬಿರುಕು ಹುಡುಕೋಕೆ ನಾವು ದಿನಾ ಮಾಡುವ ಡಿ.ಪಿ. (ಡೈ ಪೆನೆಟ್ರಂಟ್) ಟೆಸ್ಟ್ ಇದೆಯಲ್ಲ, ಅದನ್ನೇ ಮಾಡಿದೆ. ಹೆಡ್ ಟ್ಯೂಬಿಗೆ ಡೌನ್ ಟ್ಯೂಬ್ ಸೇರುವ ಕಡೆ ಬಣ್ಣ ಕೆರೆದು ತೆಗೆದೆ. ಕ್ಲೀನರ್ ಹಾಕಿ ಒರೆಸಿದೆ. ಕೆಂಪು ಬಣ್ಣದ ಸ್ಪ್ರೇ ಹೊಡೆದು ಹತ್ತು ನಿಮಿಷ ಬಿಟ್ಟೆ. ಬಿರುಕಿದ್ದರೆ ಅದರೊಳಗೆ ಆ ಕೆಂಪು ಇಳಿದು ಕೂತಿರುತ್ತೆ. ಮೇಲಿನದನ್ನು ಬಟ್ಟೆಯಲ್ಲಿ ಒರೆಸಿ ತೆಗೆದೆ. ಮೇಲಿಂದ ಬಿಳಿ ಡೆವಲಪರ್ ತೆಳ್ಳಗೆ ಹೊಡೆದೆ. ಸುಣ್ಣ ಬಳಿದ ಗೋಡೆ ಥರ ಬೆಳ್ಳಗಾಯಿತು. ಮೊದಲು ಏನೂ ಕಾಣಲಿಲ್ಲ. ಎರಡು ನಿಮಿಷ ಆದ ಮೇಲೆ ವೆಲ್ಡಿಂಗಿನ ಅಂಚಿನಗುಂಟ ಒಂದು ಕೆಂಪು ಗೆರೆ ತಾನಾಗೇ ಮೂಡಿತು. ಕೂದಲೆಳೆಯಷ್ಟೇ. ಅಳೆದೆ, 31 ಮಿ.ಮೀ.

ಮುಂದಿನ ಭಾನುವಾರ ಅದೇ ನಾಲ್ಕಡಿ ಡ್ರಾಪ್ ಹಾರಬೇಕಿತ್ತು ನಾನು.

ಗೆಳೆಯನೊಬ್ಬ ಅಂದ, "ಟಿಗ್ ವೆಲ್ಡಿಂಗ್ ಮಾಡಿಸಿಬಿಡು, ಐನೂರು ರೂಪಾಯಿ." ಮಾಡಿಸಲಿಲ್ಲ. ಸುಮಾರು ಫ್ರೇಮುಗಳು 6061 ಅಲ್ಯೂಮಿನಿಯಂ. ಬೆಸುಗೆ ಹಾಕಿದ ಮೇಲೆ ಕಂಪನಿಯವರು ಇಡೀ ಫ್ರೇಮನ್ನು ಸುಮಾರು 530 ಡಿಗ್ರಿಗೆ ಕಾಯಿಸಿ, ತಟ್ಟನೆ ತಣಿಸಿ, ಮತ್ತೆ ಕಡಿಮೆ ಶಾಖದಲ್ಲಿ ಗಂಟೆಗಟ್ಟಲೆ ಇಡುತ್ತಾರೆ. ಗಟ್ಟಿತನ ಬರೋದು ಆ ಹದದಿಂದ. ಆಮೇಲೆ ಬೀದಿಯಲ್ಲಿ ಬೆಸುಗೆ ಹಾಕಿದರೆ ಬೆಸುಗೆಯ ಅಕ್ಕಪಕ್ಕದ ಲೋಹ ಹದ ಕಳಕೊಂಡು ಬಲ ಅರ್ಧದ ಆಸುಪಾಸಿಗೆ ಇಳಿಯುತ್ತೆ. ಕಬ್ಬಿಣ, ಉಕ್ಕು ಆದರೆ ಒಂದು ಮಿತಿಯೊಳಗಿನ ಪೆಟ್ಟನ್ನು ಎಷ್ಟು ಸಲ ತಿಂದರೂ ತಡೆಯುತ್ತೆ. ಅಲ್ಯೂಮಿನಿಯಂ ಹಾಗಲ್ಲ, ಸಣ್ಣ ಪೆಟ್ಟಿಗೂ ಲೆಕ್ಕ ಇಟ್ಟುಕೊಳ್ಳುತ್ತೆ. ನನಗಿಂತ ಮುಂಚೆ ಅದು ಎಷ್ಟು ಪೆಟ್ಟು ತಿಂದಿತ್ತೋ, ಕೊಡುವಾಗ ಯಾರು ಹೇಳುತ್ತಾರೆ? ವಾರಂಟಿ ಸಾಮಾನ್ಯವಾಗಿ ಮೊದಲು ಕೊಂಡವರಿಗೆ ಮಾತ್ರ. ಅಲ್ಲಿಗೆ ಮುಗೀತು.

ಎರಡನೇ ಸಲ ಅವಸರ ಮಾಡಲಿಲ್ಲ. ಮೊದಲು ನನ್ನ ಜಾಗ, ಆಮೇಲೆ ನನ್ನ ಊರಿನಲ್ಲಿ ಸಿಗುವ ಸಾಮಾನು, ಕೊನೆಗೆ ಫ್ರೇಮು. ನನಗೆ ಬೇಕಾಗಿದ್ದು ಫ್ರೀರೈಡ್ ಫ್ರೇಮ್ ಅಂತ ಆಗ ತಿಳಿಯಿತು. 170ರಿಂದ 180 ಮಿ.ಮೀ. ಟ್ರಾವೆಲ್. ಹಾರೋಕೆ, ಬೀಳೋಕೆ ಗಟ್ಟಿ, ಆದರೆ ತುಳಿದುಕೊಂಡು ಹತ್ತಬಹುದು. ಸೀಟಿನ ಕೊಳವೆ ನೆಟ್ಟಗೆ, ಉದ್ದಕ್ಕೆ ಇರುತ್ತೆ. ಅದರೊಳಗೆ ಡ್ರಾಪರ್ ಪೋಸ್ಟ್ ಹಾಕಿದರೆ ಹ್ಯಾಂಡಲ್ಲಿನ ಗುಂಡಿ ಒತ್ತಿ ಹತ್ತುವಾಗ ಸೀಟು ಮೇಲೆ, ಇಳಿಯುವಾಗ ಕೆಳಗೆ. ಅಮೆರಿಕದ ಯೂಟಾದಲ್ಲಿ 2001ರಲ್ಲಿ ಶುರುವಾದ ರೆಡ್ ಬುಲ್ ರಾಂಪೇಜ್ ನೋಡಿ ಫ್ರೀರೈಡ್ ಅಂದರೆ ಬಂಡೆ ತುದಿಯಿಂದ ಹಾರೋದು ಮಾತ್ರ ಅಂದುಕೊಂಡಿದ್ದೆ. ಅಲ್ಲಿಯ ಸವಾರರೂ ಗುದ್ದಲಿ ಹಿಡಿದು ತಮ್ಮ ದಾರಿ ತಾವೇ ಮಾಡಿಕೊಳ್ಳುತ್ತಾರೆ. ಅಷ್ಟರ ಮಟ್ಟಿಗೆ ನಾವೂ ಅವರೂ ಒಂದೇ!

ಬೆಂಗಳೂರಿನಲ್ಲಿ ಒಬ್ಬರ ಹತ್ತಿರ 180 ಮಿ.ಮೀ. ಫ್ರೇಮ್ ಇತ್ತು. ಈ ಸಲ ನಾನೇ ರೈಲು ಹತ್ತಿದೆ. ಬ್ಯಾಗಿನಲ್ಲಿ ವರ್ನಿಯರ್, ಟೇಪು, ಟಾರ್ಚು, ಗ್ರಾಫ್ ಹಾಳೆ. ಅವರು ಒಂಥರಾ ನೋಡಿದರು. "ಸ್ವಲ್ಪ ಹೊತ್ತು ತಗೋತೀನಿ ಸರ್, ಬೇಜಾರಿಲ್ವಾ?" ಅಂದೆ. ಒಳ್ಳೆಯವರು, ಕಾಫಿ ಕೊಟ್ಟು ಬಿಟ್ಟುಬಿಟ್ಟರು.

ಹಿಂದಿನ ಅಗಲ 148. ಬಾಟಂ ಬ್ರಾಕೆಟ್ 73, ಒತ್ತಿ ಕೂರಿಸುವುದಲ್ಲ, ತಿರುಗಿಸಿ ಬಿಗಿಯುವ ಥ್ರೆಡ್ ಇರುವ ಕಪ್. ಸೀಟ್ ಪೋಸ್ಟ್ 31.6. ಚಕ್ರ 27.5. ಚೈನ್ ಗೈಡ್ ಕೂರಿಸೋಕೆ ಬಾಟಂ ಬ್ರಾಕೆಟ್ ಸುತ್ತ ಮೂರು ತೂತಿನ ಕಿವಿಗಳಿವೆ. ಅದಿಲ್ಲದಿದ್ದರೆ ಕುಲುಕಾಟಕ್ಕೆ ಚೈನ್ ಬಿದ್ದು ಹೋಗುತ್ತೆ. ಟಾರ್ಚ್ ಹಿಡಿದು ಎಲ್ಲ ವೆಲ್ಡಿಂಗ್ ನೋಡಿದೆ. ಹಿಂದಿನ ಚಕ್ರದ ಕಡೆ ಹೋಗುವ ಚೈನ್ ಸ್ಟೇ ಕೊಳವೆಯ ಒಳಮೈ, ಶಾಕಿನ ಮೌಂಟು, ಸೀಟ್ ಕೊಳವೆಯ ಬುಡ. ಬಿರುಕು ಹುಡುಕುವಾಗ ಬಣ್ಣ ಉಬ್ಬಿದೆಯಾ, ಕೂದಲಿನಂಥ ಕಪ್ಪು ಗೆರೆಯಲ್ಲಿ ಕೊಳೆ ಕೂತಿದೆಯಾ ನೋಡಬೇಕು. ಇರಲಿಲ್ಲ.

ಉದ್ದದ ವಿಷಯಕ್ಕೆ ಬಂದರೆ, ನಾನು ಐದಡಿ ಎಂಟಿಂಚು. ಹಳೆಯ ಫ್ರೇಮಿನ ರೀಚ್, ಅಂದರೆ ಪೆಡಲ್ ಅಚ್ಚಿನಿಂದ ಹೆಡ್ ಟ್ಯೂಬಿನ ತುದಿ ಎಷ್ಟು ಮುಂದಿದೆ ಅನ್ನೋ ಅಳತೆ, 410 ಮಿ.ಮೀ. ಇತ್ತು. ಇಳಿಜಾರಲ್ಲಿ ಎದ್ದು ನಿಂತರೆ ಹ್ಯಾಂಡಲ್ ಹೊಟ್ಟೆಗೇ ಬಂದಂತೆ. ಇದರದು 450. ಪೆಡಲ್ ಮೇಲೆ ನಿಂತು ಕೈ ಚಾಚಿದಾಗ ಮೈ ನಡುವೆ ಕೂತಿತು. ಹೆಡ್ ಆ್ಯಂಗಲ್, ಅಂದರೆ ಹೆಡ್ ಟ್ಯೂಬ್ ವಾಲಿರುವ ಕೋನ, 64 ಡಿಗ್ರಿಯ ಆಸುಪಾಸು. ಡೌನ್‌ಹಿಲ್ಲಿನವು ಇನ್ನೂ ಒಂದೆರಡು ಡಿಗ್ರಿ ಮಲಗಿರುತ್ತವೆ. ವೇಗಕ್ಕೆ ಒಳ್ಳೇದು. ನಮ್ಮ ದಿಣ್ಣೆಯ ತಿರುವಿನಲ್ಲಿ ಮಾತ್ರ ಎಮ್ಮೆ ತಿರುಗಿಸಿದ ಹಾಗೆ.

ಕೊನೆಯ ಕೆಲಸ ನನಗೆ ತುಂಬಾ ಇಷ್ಟವಾದದ್ದು. ಶಾಕಿನ ಸ್ಪ್ರಿಂಗ್ ಬಿಚ್ಚಿದರೆ ಹಿಂದಿನ ಚಕ್ರವನ್ನು ಕೈಯಲ್ಲೇ ಎತ್ತಿ ಇಳಿಸಬಹುದು. ಅಚ್ಚನ್ನು 20 ಮಿ.ಮೀ. ಎತ್ತಿದಾಗಲೆಲ್ಲ ಶಾಕ್ ಎಷ್ಟು ಒಳಗೆ ಹೋಯಿತು ಅಂತ ಅಳೆದು ಬರೆದುಕೊಂಡೆ. ಮೊದಲ 20ಕ್ಕೆ ಶಾಕ್ 6.5 ಹೋಯಿತು. ಕೊನೆಯ 20ಕ್ಕೆ 8.3. ಭಾಗಿಸಿದರೆ ಮೊದಲು 3.1, ಕೊನೆಗೆ 2.4. ಇದನ್ನೇ ಲೆವರೇಜ್ ಅನ್ನೋದು. ಬಾವಿಯ ಏತ ನೆನಪಿಸಿಕೊಳ್ಳಿ. ಮರದ ತೋಳು ಉದ್ದ ಇದ್ದಾಗ ಸುಲಭವಾಗಿ ಬಾಗುತ್ತೆ, ಗಿಡ್ಡ ಆದಂತೆ ಬಲ ಜಾಸ್ತಿ ಬೇಕು. ಶುರುವಿನಲ್ಲಿ ಶಾಕ್ ಮೆತ್ತಗೆ, ಸಣ್ಣ ಕಲ್ಲಿಗೂ ಬಗ್ಗುತ್ತೆ. ಕೊನೆಗೆ ಬರುಬರುತ್ತಾ ಗಟ್ಟಿ, ಹಾರಿ ಬಿದ್ದಾಗ ತಳ ಹೊಡೆಯಲ್ಲ. ಸ್ಪ್ರಿಂಗಿನ ಶಾಕಿಗೆ ಹೀಗೆ ಇಳಿಯುವ ಲೆಕ್ಕದ ಫ್ರೇಮೇ ಬೇಕು. ಗಾಳಿ ಶಾಕ್ ಕೊನೆಗೆ ತಾನೇ ಗಟ್ಟಿಯಾಗೋದರಿಂದ ಅದಕ್ಕೆ ಸಮನಾಗಿರುವ ಫ್ರೇಮೂ ನಡೆಯುತ್ತೆ. ನನ್ನ ಹಳೆಯದರಲ್ಲಿ ಇದು ಶುರುವಿನಿಂದ ಕೊನೆವರೆಗೂ ಒಂದೇ ಸಮ ಇತ್ತು. ಡ್ರಾಪ್ ಹಾರಿದಾಗಲೆಲ್ಲ 'ದಡ್' ಅಂತಿದ್ದದ್ದು ಅದಕ್ಕೇ. ಆ ದಡ್ ಎಲ್ಲ ವೆಲ್ಡಿಂಗಿಗೇ ಹೋಗಿರಬೇಕು ಅಂತ ನನ್ನ ಊಹೆ.

ಶಾಕ್ ಅಳತೆಯೂ 230 x 65 (ಉದ್ದ 230 ಮಿ.ಮೀ., ಒಳಗೆ ಹೋಗೋದು 65), ಇವತ್ತು ಹೊಸದು ಬೇಕಾದರೂ ತರಿಸಬಹುದಾದದ್ದು. ದುಡ್ಡು ಎಣಿಸಿದೆ. 82 ಸಾವಿರ. ಜಾಸ್ತಿಯೇ. ಆದರೆ ಈ ಸಲ ಚೀಟಿ ಚಿಕ್ಕದು.

ಮನೆಗೆ ತಂದ ಮೇಲೆ ಫ್ರೇಮಿನ ಹಿಂಭಾಗ ಆಡುವ ಕೀಲುಗಳ ಬೇರಿಂಗ್ ನೋಡಿದೆ. ಬೆರಳಿಟ್ಟು ತಿರುಗಿಸಿದರೆ ಮರಳು ಸಿಕ್ಕಿದಂತೆ ಗರಗರ. ಮೇಲೆ ಬರೆದಿದ್ದ ನಂಬರ್ 6902. ಒಳಗೆ 15, ಹೊರಗೆ 28, ಅಗಲ 7 ಮಿ.ಮೀ. ಸೈಕಲ್ ಅಂಗಡಿ ಬೇಡ, ಬೇರಿಂಗ್ ಅಂಗಡಿಗೆ ಹೋಗಿ ಆ ನಂಬರ್ ಹೇಳಿದರೆ ಸಾಕು. ಕೊಳ್ಳುವಾಗ ಇದನ್ನೂ ನೋಡಿಕೊಳ್ಳಬೇಕು, ಕಂಪನಿಯದೇ ವಿಚಿತ್ರ ಅಳತೆಯ ಬೇರಿಂಗ್ ಇದ್ದರೆ ಒಂದೊಂದಕ್ಕೂ ಪರದಾಟ. ಕೂರಿಸೋಕೆ ಸುತ್ತಿಗೆ ಮುಟ್ಟಬೇಡಿ. ಬನ್ನಿಮಂಟಪದ ಹತ್ತಿರ ಪರಿಚಯದ ಲೇತ್ ಭಾಯ್ ಒಬ್ಬರು ಎರಡು ಬುಷ್ ತಿರುವಿಕೊಟ್ಟರು. ಥ್ರೆಡ್ ಇರುವ ಉದ್ದನೆಯ ಸರಳಿಗೆ ಎರಡೂ ಕಡೆ ಬುಷ್, ನಟ್ ಹಾಕಿ ನಿಧಾನಕ್ಕೆ ಬಿಗಿದರೆ ಬೇರಿಂಗ್ ನೆಟ್ಟಗೆ ಒಳಗೆ ಹೋಗುತ್ತೆ. "ಇದು ಸೈಕಲ್ಲಾ, ಬುಲ್ಡೋಜರಾ ಸರ್?" ಅಂದರು ಭಾಯ್. ಕಾಸು ತಗೊಳ್ಳಲಿಲ್ಲ, ಚಹಾ ಕುಡಿಸಿದೆ.

ಸ್ಪ್ರಿಂಗ್ 450 ಪೌಂಡಿನದು ಹಾಕಿದೆ, ಅಂದರೆ ಒಂದಿಂಚು ಒತ್ತೋಕೆ ಅಷ್ಟು ಬಲ ಬೇಕು. ಹೆಲ್ಮೆಟ್, ಪ್ಯಾಡ್ ಎಲ್ಲ ಹಾಕಿಕೊಂಡು ಸುಮ್ನೆ ಮೇಲೆ ನಿಂತಾಗ ಶಾಕ್ 19 ಮಿ.ಮೀ. ಕುಸಿಯಿತು. 65ಕ್ಕೆ ನೂರಕ್ಕೆ ಮೂವತ್ತರ ಹತ್ತಿರ. ನನಗೆ ಬೇಕಾಗಿದ್ದದ್ದು ಅಷ್ಟೇ.

ಮಾವನ ದಿಣ್ಣೆಯನ್ನು ಈಗ ಸೀಟು ಎತ್ತಿಕೊಂಡು ಹತ್ತು ನಿಮಿಷದಲ್ಲಿ ಹತ್ತುತ್ತೇನೆ. ಬೆವರು ಹರಿಯುತ್ತೆ, ಆದರೆ ಟ್ರ್ಯಾಕ್ಟರ್ ಕೇಳಲ್ಲ. ಬೆಳಿಗ್ಗೆ ಏಳು ಎಂಟು ಸಲ ಇಳಿಯೋಕೆ ಆಗುತ್ತೆ. ಮಾವ ಇದರ ಬೆಲೆ ಕೇಳಿದರು. ಅರ್ಧ ಮಾತ್ರ ಹೇಳಿದೆ. "ಒಂದು ಸೀಮೆ ಹಸ ಬರ್ತಿತ್ತಲ್ಲೋ" ಅಂದರು.

ಹಳೆಯ ಫ್ರೇಮನ್ನು ಯಾರಿಗೂ ಮಾರಲಿಲ್ಲ. ಹಬ್ಬು, ಕ್ರಾಂಕು ಬೇರೆಯವರಿಗೆ ಹೋದವು, ಶಾಕೂ ಹೋಯಿತು. ಹೆಡ್ ಟ್ಯೂಬಿನ ಸುತ್ತ ಒಂದಡಿಯಷ್ಟನ್ನು ಕೊಯ್ದು ಇಟ್ಟುಕೊಂಡು ಉಳಿದದ್ದನ್ನು ಗುಜರಿಗೆ ಹಾಕಿದೆ. ಆ ತುಂಡು ಈಗ ಕಾರ್ಖಾನೆಯಲ್ಲಿ ನನ್ನ ಮೇಜಿನ ಮೇಲಿದೆ. ಐಟಿಐ ಮುಗಿಸಿ ಬರುವ ಹೊಸ ಹುಡುಗರಿಗೆ ಡಿ.ಪಿ. ಟೆಸ್ಟ್ ಕಲಿಸೋದು ಅದರಲ್ಲೇ. ಗೆರೆ ಎಲ್ಲಿದೆ ಅಂತ ಮೊದಲೇ ಹೇಳಲ್ಲ. ಬಿಳಿ ಸ್ಪ್ರೇ ಹೊಡೆದು, ಕೈಕಟ್ಟಿ ನಿಂತು ಕಾಯ್ತಾರೆ.